ಏಳುನೂರು ಕ್ಯೂಸೆಕ್‌ನ ಅರ್ಧ ದಿನ

ಮೈಸೂರಿನ ನಮ್ಮ ಮನೆಯಲ್ಲಿ ಅಪ್ಪ ಬೆಳಗಿನ ಪೇಪರ್ ಬಿಡಿಸಿದ ಕೂಡಲೇ ಹುಡುಕುತ್ತಿದ್ದದ್ದು ಕೆ.ಆರ್.ಎಸ್. ಅಂಕಿ. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ನಮಗೆ ಒಂದು ಗುಂಟೆ ಗದ್ದೆಯೂ ಇರಲಿಲ್ಲ. ಆದರೂ ಅದನ್ನು ಗಟ್ಟಿಯಾಗಿ ಓದಿ ಹೇಳದೆ ಅವರಿಗೆ ಕಾಫಿ ಇಳಿಯುತ್ತಿರಲಿಲ್ಲ. ಕ್ಯೂಸೆಕ್ ಅನ್ನುವ ಪದ ಹಾಗೆ ಕಿವಿಗೆ ಬೀಳುತ್ತಲೇ ಬೆಳೆದವರು ನಾವು. ಅದು ಎಂದಾದರೂ ಅಮೆರಿಕದಲ್ಲಿ ಕೆಲಸಕ್ಕೆ ಬರುತ್ತದೆ ಅಂದುಕೊಂಡಿರಲಿಲ್ಲ.

ಬಂತು. ಕೊಲರಾಡೊ ರಾಜ್ಯದ ಆರ್ಕನ್ಸಾ ನದಿಯಲ್ಲಿ ರಾಫ್ಟಿಂಗಿಗೆ ಹೊರಟಾಗ.

ಡೆನ್ವರ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರ ಮನೆಗಳಿಗೆ ಬೇಸಿಗೆ ಬಂತೆಂದರೆ ಊರಿನಿಂದ ನೆಂಟರು ಬರುತ್ತಾರೆ. ಮೊದಲ ವಾರ ರಾಕಿ ಪರ್ವತದ ರಾಷ್ಟ್ರೀಯ ಉದ್ಯಾನ, ಎರಡನೇ ವಾರ ಪೈಕ್ಸ್ ಪೀಕ್. ಮೂರನೇ ವಾರ ಮನೆಯ ಹುಡುಗರು ಪಟ್ಟು ಹಿಡಿಯುತ್ತಾರೆ: ರಾಫ್ಟಿಂಗ್. ನನ್ನ ತಮ್ಮನ ಮನೆಯಲ್ಲಿ ಆದದ್ದೂ ಅದೇ. ಹದಿನೇಳರ ಸೋದರಳಿಯ "ಅತ್ತೆ, ನೀವು ಬಂದರೆ ಮಾತ್ರ ಅಪ್ಪ ಒಪ್ಪುತ್ತಾರೆ" ಎಂದ. ನನಗೆ ನಲವತ್ತೆಂಟು, ಈಜು ಅಷ್ಟಕ್ಕಷ್ಟೆ. ಎಪ್ಪತ್ತೆರಡರ ಅಮ್ಮನೂ ಜೊತೆಗಿದ್ದಳು. ಹೋಗಿ ಬಂದೆವು. ಹೊರಡುವ ಮುಂಚೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿದ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಜೋಗಕ್ಕಿಂತ ಆಳದ ಕಮರಿ

ಆರ್ಕನ್ಸಾ ಹುಟ್ಟುವುದು ಲೆಡ್‌ವಿಲ್ ಎಂಬ ಗಣಿ ಊರಿನ ಹತ್ತಿರ, ಹಿಮದ ಬೆಟ್ಟಗಳಲ್ಲಿ. ಅಲ್ಲಿಂದ 2,300 ಕಿಲೋಮೀಟರಿಗೂ ಹೆಚ್ಚು ಹರಿದು ಮಿಸಿಸಿಪ್ಪಿಯನ್ನು ಸೇರುತ್ತದೆ. ಬಯಲಿಗೆ ಇಳಿಯುವ ಮುಂಚೆ ಕ್ಯಾನ್ಯನ್ ಸಿಟಿ ಎಂಬ ಊರಿನ ಪಶ್ಚಿಮಕ್ಕೆ ಗ್ರಾನೈಟ್ ಬೆಟ್ಟವೊಂದನ್ನು ಸೀಳಿಕೊಂಡು ಬರುತ್ತದೆ. ಈ ಸೀಳಿಗೆ ರಾಯಲ್ ಗಾರ್ಜ್ ಎಂದು ಹೆಸರು. ಉದ್ದ ಸುಮಾರು 16 ಕಿಲೋಮೀಟರ್, ಆಳ ಹೆಚ್ಚೆಂದರೆ 1,250 ಅಡಿ. ತಳದಲ್ಲಿ ಅತಿ ಇಕ್ಕಟ್ಟಾದ ಕಡೆ ಅಗಲ ಬರೀ ಐವತ್ತು ಅಡಿ, ನಮ್ಮ ಕಡೆಯ 30-40 ಸೈಟಿನ ಉದ್ದಕ್ಕಿಂತ ತುಸು ಹೆಚ್ಚು.

ಕಮರಿಯ ಮೇಲೆ 1929ರಲ್ಲಿ ಕಟ್ಟಿದ ತೂಗುಸೇತುವೆ ಇದೆ. ಅಲ್ಲಿಂದ ಕೆಳಗಿನ ನೀರಿಗೆ 955 ಅಡಿ, ಅಂದರೆ 291 ಮೀಟರ್. ಜೋಗದ ರಾಜಾ ಬೀಳುವುದು 253 ಮೀಟರ್. ಜೋಗದ ನೆತ್ತಿಯ ಬಂಡೆಯ ಮೇಲೆ ಬೋರಲು ಮಲಗಿ ಕೆಳಗೆ ನೋಡಿದವರಿಗೆ ಇದರ ಅಂದಾಜು ಸಿಗುತ್ತದೆ. 2001ರವರೆಗೆ ಇದು ಜಗತ್ತಿನ ಅತಿ ಎತ್ತರದ ಸೇತುವೆ ಎನಿಸಿಕೊಂಡಿತ್ತು. ಆಮೇಲೆ ಚೀನಾದ್ದೊಂದು ಬಂತು. 2013ರ ಕಾಡ್ಗಿಚ್ಚಿನಲ್ಲಿ ಸುತ್ತಲಿನ ಕಟ್ಟಡಗಳು ಬಹುಪಾಲು ಸುಟ್ಟುಹೋದರೂ ಸೇತುವೆ ಉಳಿಯಿತು. ಸೇತುವೆಯ ಮೇಲೆ ಟಿಕೆಟ್ ಕೊಂಡು ನಡೆದಾಡಬಹುದು. ರಾಫ್ಟಿನಲ್ಲಿ ಕೂತವರಿಗೆ ಅದು ನೆತ್ತಿಯ ಮೇಲೆ ಕಟ್ಟಿದ ದಾರದ ಹಾಗೆ ಕಾಣುತ್ತದೆ.

ಡೆನ್ವರ್‌ನಿಂದ ಇಲ್ಲಿಗೆ ಕಾರಿನಲ್ಲಿ ಎರಡು ಗಂಟೆಗೆ ತುಸು ಮೇಲೆ, ಕೊಲರಾಡೊ ಸ್ಪ್ರಿಂಗ್ಸ್‌ನಿಂದ ಒಂದು ಗಂಟೆ. ಬೆಳಗಿನ ಪ್ರವಾಸಕ್ಕೆ ಬುಕ್ ಮಾಡಿದ್ದರೆ ಹಿಂದಿನ ರಾತ್ರಿ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಉಳಿಯುವುದು ಸುಖ. ಜುಲೈ, ಆಗಸ್ಟಿನಲ್ಲಿ ಇಲ್ಲಿನ ಬೆಟ್ಟಗಳಲ್ಲಿ ಮಧ್ಯಾಹ್ನ ತಿರುಗಿದ ಮೇಲೆ ಗುಡುಗು ಮಳೆ ಮಾಮೂಲು. ಆದ್ದರಿಂದ ಬೆಳಗಿನ ಸರದಿಯನ್ನೇ ಹಿಡಿಯಿರಿ.

ಯಾವ ತುಂಡು ಯಾರಿಗೆ?

"ಆರ್ಕನ್ಸಾ ರಾಫ್ಟಿಂಗ್" ಎಂದು ಒಂದೇ ಹೆಸರಿನಲ್ಲಿ ಮಾರುವುದೆಲ್ಲ ಒಂದೇ ಅಲ್ಲ. ನದಿಯನ್ನು ತುಂಡುತುಂಡಾಗಿ ಹಂಚಿಕೊಂಡಿದ್ದಾರೆ. ಒಂದೊಂದು ತುಂಡಿಗೆ ಒಂದೊಂದು ಸ್ವಭಾವ. ರಭಸವನ್ನು ಒಂದರಿಂದ ಆರರವರೆಗಿನ ದರ್ಜೆಯಲ್ಲಿ ಅಳೆಯುತ್ತಾರೆ. ಒಂದು ಎಂದರೆ ತೆಪ್ಪದ ವಿಹಾರ. ಆರು ಎಂದರೆ ದುಡ್ಡು ಕೊಡುವ ಗಿರಾಕಿಯನ್ನು ಯಾರೂ ಇಳಿಸದ ಜಾಗ.

ರಾಯಲ್ ಗಾರ್ಜ್ ಓಟ ಶುರುವಾಗುವ ಪಾರ್ಕ್‌ಡೇಲ್‌ಗಿಂತ ಮೇಲೆ, ಹೆದ್ದಾರಿ ಪಕ್ಕದಲ್ಲೇ ಹರಿಯುವ ಬಿಗ್‌ಹಾರ್ನ್ ಶೀಪ್ ಕ್ಯಾನ್ಯನ್ ಎರಡು-ಮೂರರ ದರ್ಜೆಯದು. ಪ್ರಾಥಮಿಕ ಶಾಲೆಯ ಮಕ್ಕಳನ್ನೂ ಕೂರಿಸಿಕೊಳ್ಳುತ್ತಾರೆ. ಅದೃಷ್ಟವಿದ್ದರೆ ಹೆಸರಿಗೆ ತಕ್ಕಂತೆ ಸುರುಳಿಗೊಂಬಿನ ಕಾಡುಕುರಿಗಳು ಬಂಡೆಯ ಮೇಲೆ ನಿಂತು ನಿಮ್ಮನ್ನು ನೋಡುತ್ತವೆ. ಇನ್ನೂ ಮೇಲಕ್ಕೆ, ಬ್ಯೂನಾ ವಿಸ್ತಾ ಮತ್ತು ಸಲೈಡಾ ಊರುಗಳ ನಡುವೆ ಬ್ರೌನ್ಸ್ ಕ್ಯಾನ್ಯನ್ ಇದೆ. ಮೂರರ ದರ್ಜೆ, ರಸ್ತೆಯಿಂದ ದೂರ, ಗುಲಾಬಿ ಛಾಯೆಯ ಕಲ್ಲು. 2015ರಲ್ಲಿ ಅದಕ್ಕೆ ರಾಷ್ಟ್ರೀಯ ಸ್ಮಾರಕದ ಸ್ಥಾನ ಸಿಕ್ಕಿತು. ಮೊದಲ ಸಲ ಹೋಗುವ ಕುಟುಂಬಕ್ಕೆ ನನ್ನ ಸಲಹೆ ಕೇಳಿದರೆ ಬ್ರೌನ್ಸ್ ಎನ್ನುತ್ತೇನೆ, ಯೋಚಿಸದೆ.

ರಾಯಲ್ ಗಾರ್ಜ್ ನಾಲ್ಕರ ದರ್ಜೆ. ನೀರು ಏರಿದಾಗ ಅದಕ್ಕೂ ಮೇಲೆ. ಸಾಮಾನ್ಯವಾಗಿ ಹದಿನಾರರ ಆಸುಪಾಸಿನವರಿಂದ ಮೇಲ್ಪಟ್ಟವರನ್ನಷ್ಟೇ ಒಯ್ಯುತ್ತಾರೆ. ನೀರು ಹೆಚ್ಚಿದ್ದಾಗ ಆ ಮಿತಿಯನ್ನೂ ಏರಿಸುತ್ತಾರೆ. ನಮ್ಮವರು ಬುಕ್ ಮಾಡುವಾಗ "ದಾಂಡೇಲಿಯಲ್ಲಿ ಮಾಡಿದ್ದೇವೆ" ಎನ್ನುವುದುಂಟು. ನಾನೂ ಅಂದಿದ್ದೆ. ಗಣೇಶಗುಡಿಯ ಹತ್ತಿರ ಕಾಳಿಯಲ್ಲಿ ಇಳಿಯುವ ರಾಫ್ಟಿಂಗ್ ಚೆಂದವೇ. ಆದರೆ ಅದು ಸೂಪಾ ಅಣೆಕಟ್ಟೆಯಿಂದ ಬಿಟ್ಟ ನೀರಿನಲ್ಲಿ, ಬೆಚ್ಚಗಿನ ಹವೆಯಲ್ಲಿ, ಎರಡು-ಮೂರರ ದರ್ಜೆಯ ಓಟ. ಬಿದ್ದರೆ ನಗುತ್ತಾ ತೇಲಬಹುದು. ಇಲ್ಲಿ ಬಿದ್ದವರಿಗೆ ಮೊದಲ ಹತ್ತು ಸೆಕೆಂಡು ನಗಲು ಉಸಿರೇ ಇರುವುದಿಲ್ಲ. ಕರಗಿದ ಹಿಮದ ನೀರು ಎದೆಗೆ ತಾಗಿದ ಕೂಡಲೇ ಉಸಿರು ಒಳಕ್ಕೆ ಎಳೆದು ನಿಂತುಬಿಡುತ್ತದೆ. ನೀರಿಗಿಳಿದ ಮೇಲೆ ಚಳಿಯೇನು ಅನ್ನುವ ಗಾದೆ ಕಟ್ಟಿದವರು ಆರ್ಕನ್ಸಾಗೆ ಇಳಿದವರಲ್ಲ.

ಹೃದಯದ ತೊಂದರೆ ಇರುವವರು, ಗರ್ಭಿಣಿಯರು, ಹೊಸದಾಗಿ ಆಪರೇಷನ್ ಆದವರು, ಒಮ್ಮೆ ಭುಜದ ಕೀಲು ತಪ್ಪಿಸಿಕೊಂಡವರು ಇದಕ್ಕೆ ಇಳಿಯಬಾರದು. ಇನ್ನೊಂದು ವಿಷಯ ಸಂಕೋಚದಿಂದ ಯಾರೂ ಹೇಳುವುದಿಲ್ಲ: ಲೈಫ್ ಜಾಕೆಟ್ ಎದೆಗೆ ಬಿಗಿಯಾಗಿ ಕೂರದಿದ್ದರೆ ರಾಫ್ಟಿಗೆ ಹತ್ತಿಸುವುದಿಲ್ಲ. ತೀರ ದಪ್ಪನೆಯವರು, ತೀರ ಸಣಕಲು ಮಕ್ಕಳು ಇದ್ದರೆ ಫೋನಿನಲ್ಲೇ ಅಳತೆ ಹೇಳಿ ಕೇಳಿಕೊಳ್ಳಿ. ಎರಡು ಗಂಟೆ ಕಾರು ಓಡಿಸಿಕೊಂಡು ಹೋಗಿ ವಾಪಸಾಗುವುದಕ್ಕಿಂತ ಅದು ಮೇಲು.

ಕ್ಯಾಲೆಂಡರ್ ಬೇಡ, ಕ್ಯೂಸೆಕ್ ನೋಡಿ

ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಅಮೆರಿಕದವರು ಇದನ್ನು ಸಿ.ಎಫ್.ಎಸ್. ಎನ್ನುತ್ತಾರೆ. ಲೆಕ್ಕ ಒಂದೇ. ಪಾರ್ಕ್‌ಡೇಲ್‌ನಲ್ಲಿ ನದಿಗೆ ಮಾಪಕ ಹಾಕಿದ್ದಾರೆ. ಅಮೆರಿಕದ ಭೂವಿಜ್ಞಾನ ಇಲಾಖೆ ಅದರ ಅಂಕಿಯನ್ನು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಕೊಡುತ್ತದೆ. ಅಪ್ಪ ಇದ್ದಿದ್ದರೆ ಅಲ್ಲೇ ಒಂದು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು.

ನಾವು ಹೋದದ್ದು ಜುಲೈ ಕೊನೆಗೆ. ಅಂದಿನ ಅಂಕಿ ಏಳುನೂರರ ಹತ್ತಿರ. ನನಗೆ ನಗು ಬಂತು. ಮಳೆಗಾಲದಲ್ಲಿ ಕಾವೇರಿಗೆ ಹತ್ತಾರು ಸಾವಿರ ಕ್ಯೂಸೆಕ್ ಬಿಟ್ಟ ಸುದ್ದಿ ಓದುವವರಿಗೆ ಏಳುನೂರು ಎಂದರೆ ನಾಲೆಯ ನೀರು. ಆದರೆ ಆ ಏಳುನೂರು ಎಂದರೆ ಬೆಂಗಳೂರಿನ ಬೇಸಿಗೆಯಲ್ಲಿ ನಾವು ಕಾದು ತರಿಸುವ ಹತ್ತು ಸಾವಿರ ಲೀಟರಿನ ಟ್ಯಾಂಕರುಗಳು, ಪ್ರತಿ ಸೆಕೆಂಡಿಗೆ ಎರಡು. ಅವು ಶ್ರೀರಂಗಪಟ್ಟಣದ ಬಳಿಯ ಅಗಲವಾದ ಪಾತ್ರದಲ್ಲಿ ಹರಡಿಕೊಂಡು ಹೋಗುವುದಿಲ್ಲ. ಐವತ್ತು ಅಡಿಯ ಕೊರಕಲಿನಲ್ಲಿ, ಮನೆಯಷ್ಟು ದೊಡ್ಡ ಬಂಡೆಗಳ ನಡುವೆ, ಇಳಿಜಾರಿನಲ್ಲಿ ನುಗ್ಗುತ್ತವೆ. ನೀರಿನ ಪ್ರಮಾಣ, ದಾರಿಯ ಅಗಲ, ಇಳಿಜಾರು, ಕಲ್ಲು ನಾಲ್ಕೂ ಸೇರಿದರೇನೇ ನದಿಯ ರಭಸ ಗೊತ್ತಾಗುವುದು. ಹಾಗಾಗಿ ಬೇರೆ ನದಿಯ ಕ್ಯೂಸೆಕ್ಕನ್ನು ಈ ನದಿಗೆ ಹೋಲಿಸುವುದು ದಂಡ. ಇದೇ ನದಿಯ ನಿನ್ನೆಯ ಅಂಕಿ, ಇಂದಿನ ಅಂಕಿ ಹೋಲಿಸಬೇಕು.

ಇಲ್ಲಿ ಮಳೆಗಿಂತ ಹಿಮ ದೊಡ್ಡದು. ಮೇ ತಿಂಗಳಲ್ಲಿ ಬೆಟ್ಟದ ಹಿಮ ಕರಗಲು ಶುರುವಾಗಿ ಸಾಮಾನ್ಯವಾಗಿ ಜೂನ್ ಮೊದಲರ್ಧದಲ್ಲಿ ನದಿ ಉಕ್ಕುತ್ತದೆ. ಹೆಚ್ಚು ಹಿಮ ಬಿದ್ದ ವರ್ಷಗಳಲ್ಲಿ ಮೂರು ಸಾವಿರ ದಾಟುವುದೂ ಉಂಟು. 3,200 ದಾಟಿದರೆ ರಾಯಲ್ ಗಾರ್ಜಿಗೆ ಇಳಿಯಬೇಡಿ ಎಂದು ನದಿಯನ್ನು ನೋಡಿಕೊಳ್ಳುವ ಆರ್ಕನ್ಸಾ ಹೆಡ್‌ವಾಟರ್ಸ್ ಆಡಳಿತ ಸೂಚನೆ ಹೊರಡಿಸುತ್ತದೆ. ಆಗ ಕಂಪನಿಗಳು ಗಿರಾಕಿಗಳನ್ನು ಬಿಗ್‌ಹಾರ್ನ್ ಶೀಪ್ ಕಡೆಗೆ ತಿರುಗಿಸುತ್ತವೆ. ಬೇಜಾರು ಮಾಡಿಕೊಳ್ಳಬೇಡಿ. ಆ ದಿನ ಬಿಗ್‌ಹಾರ್ನ್ ಶೀಪ್ ಸಹ ಮಾಮೂಲಿಯಾಗಿರುವುದಿಲ್ಲ.

ಜುಲೈ ಹೊತ್ತಿಗೆ ಹಿಮ ಮುಗಿದು ನದಿ ಇಳಿಯಬೇಕು. ಹಾಗಾಗದಂತೆ 1990ರ ದಶಕದ ಆರಂಭದಿಂದ ಒಂದು ಒಪ್ಪಂದ ನಡೆದುಬಂದಿದೆ. ಜುಲೈ 1ರಿಂದ ಆಗಸ್ಟ್ 15ರವರೆಗೆ ನದಿಯಲ್ಲಿ ಏಳುನೂರು ಕ್ಯೂಸೆಕ್ ಇರುವ ಹಾಗೆ ಮೇಲಿನ ಜಲಾಶಯಗಳಿಂದ ನೀರು ಬಿಡುತ್ತಾರೆ. ಹೇಗಿದ್ದರೂ ಕೆಳಗಿನ ಊರುಗಳಿಗೆ, ಹೊಲಗಳಿಗೆ ಹೋಗಬೇಕಾದ ನೀರು. ಅದನ್ನು ಬಿಡುವ ಹೊತ್ತನ್ನು ಹೊಂದಿಸಿಕೊಂಡರೆ ರಾಫ್ಟಿಂಗಿನವರ ಹೊಟ್ಟೆಯೂ ತುಂಬುತ್ತದೆ. ಯಾರನ್ನೂ ಬಲವಂತ ಮಾಡುವ ಕಾನೂನಲ್ಲ, ಪರಸ್ಪರ ಒಪ್ಪಿ ಮಾಡಿಕೊಂಡ ವ್ಯವಸ್ಥೆ. ನೀರಿನ ಹಂಚಿಕೆ ಎಂದರೆ ಕೋರ್ಟು, ಬಂದ್ ಎಂದೇ ಕೇಳಿ ಬೆಳೆದ ನನಗೆ ಇದು ಹೊಟ್ಟೆಕಿಚ್ಚು ತರಿಸಿತು. ಅಲ್ಲಿಯೂ ನೀರಿನ ಜಗಳಗಳು ಬೇಕಾದಷ್ಟಿವೆ ಎಂದು ತಮ್ಮ ಸಮಾಧಾನ ಹೇಳಿದ.

ಹಾಗಾದರೆ ಯಾವಾಗ ಹೋಗಬೇಕು? ಮೈಮೇಲೆ ಅಲೆ ಬೀಳಬೇಕು, ಈಜು ಬರುತ್ತದೆ, ಮುಂಚೆ ರಾಫ್ಟಿಂಗ್ ಮಾಡಿದ್ದೇವೆ ಅನ್ನುವವರಿಗೆ ಜೂನ್. ಉಳಿದವರಿಗೆ ಜುಲೈ ಎರಡನೇ ವಾರದಿಂದ ಆಗಸ್ಟ್ ಮಧ್ಯದವರೆಗೆ. ನೀರು ಕಡಿಮೆ ಇದ್ದಾಗ ಅಪಾಯವೂ ಅಷ್ಟೇ ಕಡಿಮೆ ಎಂದು ಮಾತ್ರ ತಿಳಿಯಬೇಡಿ. ಬಂಡೆಗಳು ತಲೆ ಎತ್ತುತ್ತವೆ, ರಾಫ್ಟ್ ಅವುಗಳಿಗೆ ತಗಲಿ ಸಿಕ್ಕಿಕೊಳ್ಳುತ್ತದೆ, ಬಿದ್ದವರ ಮೊಣಕಾಲು ಕಲ್ಲಿಗೆ ಬಡಿಯುತ್ತದೆ. ನೀರು ಹೆಚ್ಚಿದ್ದಾಗ ಬೇರೆ ಕಷ್ಟ: ಬಿದ್ದವರು ಬಹಳ ದೂರ ಕೊಚ್ಚಿಕೊಂಡು ಹೋಗುತ್ತಾರೆ, ಹಿಡಿದು ಎಳೆದುಕೊಳ್ಳಲು ಹೊತ್ತು ಬೇಕಾಗುತ್ತದೆ.

ಬುಕ್ ಮಾಡುವಾಗ ಕೇಳಬೇಕಾದದ್ದು

ಕೊಲರಾಡೊದಲ್ಲಿ ರಾಫ್ಟಿಂಗ್ ಕಂಪನಿಗೆ ರಾಜ್ಯದ ಲೈಸೆನ್ಸ್ ಇರಬೇಕು. ಗೈಡ್ ಆಗಲು ಹದಿನೆಂಟು ತುಂಬಿರಬೇಕು, ನದಿಯಲ್ಲೇ ಕನಿಷ್ಠ ಐವತ್ತು ಗಂಟೆ ತರಬೇತಿ ಆಗಿರಬೇಕು. ಇಡೀ ತಂಡದ ಮುಖ್ಯಸ್ಥನಿಗೆ ಐನೂರು ಗಂಟೆ. ಇದು ಕಾನೂನು ಹೇಳುವ ಕನಿಷ್ಠ. ರಾಯಲ್ ಗಾರ್ಜಿಗೆ ನಿಮ್ಮ ಗೈಡ್ ಈ ಕನಿಷ್ಠಕ್ಕಿಂತ ಎಷ್ಟು ಮುಂದಿದ್ದಾನೆ ಎಂದು ಕೇಳುವುದರಲ್ಲಿ ತಪ್ಪಿಲ್ಲ. "ಇದೇ ಕಮರಿಯಲ್ಲಿ ಎಷ್ಟನೇ ಸೀಸನ್?" ಎಂದು ನೇರವಾಗಿ ಕೇಳಿ. ವೆಟ್‌ಸೂಟ್, ಗಾಳಿ ತಡೆಯುವ ಜಾಕೆಟ್, ನೀರಿನ ಷೂ ಟಿಕೆಟ್ಟಿನಲ್ಲೇ ಸೇರಿವೆಯೇ, ಬಾಡಿಗೆ ಬೇರೆಯೇ ಎಂದೂ ಕೇಳಿ. ರಾಯಲ್ ಗಾರ್ಜ್ ಅರ್ಧ ದಿನಕ್ಕೆ ತಲೆಗೆ ನೂರು ಡಾಲರ್ ದಾಟುವುದು ಸಾಮಾನ್ಯ. ಬಾಡಿಗೆ, ಫೋಟೊ, ಟಿಪ್ಸ್ ಸೇರಿಸಿ ಲೆಕ್ಕ ಹಾಕಿ. ಗೈಡಿಗೆ ಟಿಕೆಟ್ ಬೆಲೆಯ ಶೇಕಡ 15ರಿಂದ 20 ಕೊಡುವುದು ಅಲ್ಲಿನ ರೂಢಿ. ನಮ್ಮವರು ಇಲ್ಲಿ ಎಡವುತ್ತಾರೆ. ಎರಡು ಗಂಟೆ ನಿಮ್ಮ ಜೀವ ಹಿಡಿದುಕೊಂಡವನ ಮುಂದೆ ಚಿಲ್ಲರೆ ಎಣಿಸಬೇಡಿ.

ಊರಿನಿಂದ ಬಂದವರಿಗೆ ಇನ್ನೊಂದು ಮಾತು. ಪ್ರವಾಸಕ್ಕೆಂದು ಮಾಡಿಸಿದ ಆರೋಗ್ಯ ವಿಮೆಗಳಲ್ಲಿ ಸಾಹಸ ಕ್ರೀಡೆಯ ಗಾಯವನ್ನು ಹೊರಗಿಟ್ಟವು ಬಹಳ. ಪಾಲಿಸಿ ತೆಗೆದು ಆ ಸಾಲನ್ನು ಹುಡುಕಿ ಓದಿ. ಅಮೆರಿಕದಲ್ಲಿ ಮುರಿದ ಕೈಗೆ ಆಗುವ ಬಿಲ್ಲು ಕೈಮುರಿತಕ್ಕಿಂತ ಹೆಚ್ಚು ನೋಯುತ್ತದೆ. ರಾಫ್ಟ್ ಹತ್ತುವ ಮುಂಚೆ ಸಹಿ ಹಾಕಿಸುವ ಕಾಗದದಲ್ಲಿ, ಅಪಾಯ ತಿಳಿದೇ ಬಂದಿದ್ದೇನೆ ಎಂದು ನೀವು ಒಪ್ಪಿಕೊಳ್ಳುತ್ತೀರಿ. ಹದಿನೆಂಟು ತುಂಬದವರಿಗೆ ತಂದೆ ಅಥವಾ ತಾಯಿಯ ಸಹಿ ಬೇಕು. ತಮ್ಮ ಎರಡು ಸಲ ಓದಿ, ಮೂರನೇ ಸಲ ಮಗನ ಮುಖ ನೋಡಿ ಸಹಿ ಹಾಕಿದ.

ಬಟ್ಟೆಯಲ್ಲಿ ಹತ್ತಿ ಬೇಡವೇ ಬೇಡ. ಜೀನ್ಸ್, ಬನಿಯನ್, ಕಾಟನ್ ಕುರ್ತಾ ಎಲ್ಲ ನೀರು ಹಿಡಿದು ಮೈಗೆ ತಣ್ಣಗೆ ಅಂಟಿಕೊಳ್ಳುತ್ತವೆ. ನೈಲಾನ್ ಅಥವಾ ಪಾಲಿಯೆಸ್ಟರ್ ಹಾಕಿ. ಚಪ್ಪಲಿ ಮೊದಲ ಅಲೆಗೇ ಹೋಗುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಹಳೆ ಸ್ಪೋರ್ಟ್ಸ್ ಷೂ ಆಗಬೇಕು. ಕನ್ನಡಕಕ್ಕೆ ಹಿಂದಿನಿಂದ ದಾರ ಕಟ್ಟಿಕೊಳ್ಳಿ. ಉಂಗುರ ತೆಗೆದಿಡಿ, ಚಳಿಗೆ ಬೆರಳು ಸಣ್ಣಗಾಗಿ ಜಾರುತ್ತದೆ. ಮಾಂಗಲ್ಯದ ಸರ ತೆಗೆಯಲು ಮನಸ್ಸಿಲ್ಲದವರು ವೆಟ್‌ಸೂಟಿನ ಒಳಗೆ ಸೇರಿಸಿ ಜಿಪ್ ಎಳೆದುಬಿಡಿ, ನಾನು ಹಾಗೇ ಮಾಡಿದೆ. ಮೊಬೈಲು ಲಾಕರಿನಲ್ಲಿರಲಿ, ದಡದಲ್ಲಿ ಫೋಟೊ ತೆಗೆದು ಮಾರುವವರು ಇದ್ದಾರೆ.

ಒಂದೂವರೆ ಎರಡು ಗಂಟೆ ಮುಂಚೆ ಉಪ್ಪಿಟ್ಟೋ ಬ್ರೆಡ್ಡೋ ತಿಂದರೆ ಸಾಕು. ಕ್ಯಾನ್ಯನ್ ಸಿಟಿ ಸಮುದ್ರಮಟ್ಟದಿಂದ 1,600 ಮೀಟರಿಗೂ ಮೇಲಿದೆ, ಗಾಳಿ ಒಣ. ಬಾಯಾರಿಕೆ ಆಗದಿದ್ದರೂ ನೀರು ಕುಡಿಯಿರಿ. ಹಾಗೆ ಕುಡಿದದ್ದಕ್ಕೆ ಬಸ್ ಹತ್ತುವ ಮುಂಚೆ ದಾರಿ ಮಾಡಿಕೊಳ್ಳಿ. ಕಮರಿಯೊಳಗೆ ಶೌಚಾಲಯ ಇಲ್ಲ, ವೆಟ್‌ಸೂಟ್ ಬಿಚ್ಚುವುದು ಐದು ನಿಮಿಷದ ಕುಸ್ತಿ.

ಪೊರಕೆ ಹಿಡಿದು ಅಭ್ಯಾಸ

ರಾಫ್ಟ್ ಎಂದರೆ ಗಾಳಿ ತುಂಬಿದ ರಬ್ಬರ್ ದೋಣಿ. ಅದರ ಅಂಚಿನ ಮೇಲೆ ಕೂರಬೇಕು, ಒಳಗಲ್ಲ. ಆರೇಳು ಮಂದಿ, ಹಿಂದೆ ಗೈಡ್. ಮೊದಲ ಸಲ ಹೋಗುವವರು ಮಾಡುವ ದೊಡ್ಡ ತಪ್ಪು, ತಮ್ಮನ್ನು ಬಸ್ಸಿನಲ್ಲಿ ಕೂತ ಪ್ರಯಾಣಿಕರು ಅಂದುಕೊಳ್ಳುವುದು. ದೋಣಿಗೆ ಎಂಜಿನ್ ಇಲ್ಲ, ನೀವೇ ಎಂಜಿನ್. ಗೈಡ್ ದಿಕ್ಕು ಹಿಡಿಯಬಲ್ಲ, ಆದರೆ ನೀರಿಗಿಂತ ದೋಣಿ ವೇಗವಾಗಿ ಅಥವಾ ನಿಧಾನವಾಗಿ ಚಲಿಸಿದರೆ ಮಾತ್ರ. ಆರು ಮಂದಿ ಹೆದರಿ ಹುಟ್ಟು ಎತ್ತಿಬಿಟ್ಟರೆ ದೋಣಿ ನದಿಯ ಪಾಲು.

ಕೂಗುವ ಮಾತುಗಳು ಆರೇ. ಫಾರ್ವರ್ಡ್ ಎಂದರೆ ಮುಂದಕ್ಕೆ ಹಾಕಿ, ಬ್ಯಾಕ್ ಎಂದರೆ ಹಿಂದಕ್ಕೆ. ಲೆಫ್ಟ್ ಬ್ಯಾಕ್ ಎಂದರೆ ಎಡಗಡೆಯವರು ಹಿಂದಕ್ಕೆ, ಬಲಗಡೆಯವರು ಮುಂದಕ್ಕೆ, ದೋಣಿ ಎಡಕ್ಕೆ ತಿರುಗುತ್ತದೆ. ರೈಟ್ ಬ್ಯಾಕ್ ಇದರ ಉಲ್ಟಾ. ಸ್ಟಾಪ್. ಗೆಟ್ ಡೌನ್ ಎಂದರೆ ಅಂಚಿನಿಂದ ಒಳಕ್ಕೆ ಜಾರಿ ಹಗ್ಗ ಹಿಡಿದು ಕುಳಿತುಬಿಡಿ. ಇಂಗ್ಲಿಷ್ ರೂಢಿಯಿಲ್ಲದ ಹಿರಿಯರೂ ಇಷ್ಟನ್ನು ಮನೆಯಲ್ಲೇ ಕಲಿಯಬಹುದು. ನೊರೆಯ ಸದ್ದಿನಲ್ಲಿ ಅಮೆರಿಕದ ಉಚ್ಚಾರಣೆ ನಮಗೂ ಅರ್ಧ ಕೇಳುವುದಿಲ್ಲ. ಹಿಂದಿನ ರಾತ್ರಿ ತಮ್ಮ ನಮ್ಮನ್ನೆಲ್ಲ ಸೋಫಾದ ಕೈಗಳ ಮೇಲೆ ಕೂರಿಸಿ, ಕೈಗೆ ಪೊರಕೆ, ಮಾಪು ಕೊಟ್ಟು ಕೂಗಿ ಕೂಗಿ ಅಭ್ಯಾಸ ಮಾಡಿಸಿದ. ಅಮ್ಮ ನಕ್ಕೂ ನಕ್ಕೂ ಕೆಮ್ಮು ಬರಿಸಿಕೊಂಡಳು. ಮರುದಿನ ನಮ್ಮ ದೋಣಿ ಪಕ್ಕದ ದೋಣಿಗಿಂತ ನೆಟ್ಟಗೆ ಹೋದದ್ದು ಆ ಪೊರಕೆಯಿಂದಲೇ.

ಇನ್ನೊಂದು ಕೂಗು ಅಪರೂಪ: ಹೈ ಸೈಡ್. ದೋಣಿ ಅಡ್ಡಲಾಗಿ ಬಂಡೆಗೆ ಬಡಿದು ಸಿಕ್ಕಿಕೊಂಡಾಗ ಬಂಡೆಯ ಕಡೆಯ ಅಂಚು ಮೇಲೇಳುತ್ತದೆ, ನೀರು ಬರುವ ಕಡೆಯ ಅಂಚು ಮುಳುಗತೊಡಗುತ್ತದೆ. ಆಗ ಎಲ್ಲರೂ ಬಂಡೆಯ ಕಡೆಗೇ ಬಿದ್ದು ಆ ಅಂಚನ್ನು ಕೆಳಗೆ ಒತ್ತಬೇಕು. ಮನಸ್ಸು ಬಂಡೆಯಿಂದ ದೂರ ಓಡು ಎನ್ನುತ್ತದೆ. ಮನಸ್ಸಿನ ಮಾತು ಕೇಳಿದರೆ ದೋಣಿ ಮಗುಚುತ್ತದೆ.

ಹುಟ್ಟಿನ ತುದಿಯಲ್ಲಿ ಅಡ್ಡ ಹಿಡಿ ಇರುತ್ತದೆ. ಅದರ ಮೇಲಿನ ಕೈ ಯಾವತ್ತೂ ಬಿಡಬಾರದು. ಬಿಟ್ಟ ಹಿಡಿ ಪಕ್ಕದವರ ಹಲ್ಲಿಗೆ ಬಡಿಯುತ್ತದೆ. ರಾಫ್ಟಿಂಗಿನಲ್ಲಿ ನೀರಿಗಿಂತ ಮೊದಲು ಹೆದರಬೇಕಾದದ್ದು ಪಕ್ಕದವರ ಹುಟ್ಟಿಗೆ.

ನೀರಿಗೆ ಬಿದ್ದರೆ? ಅಂಗಾತ ತೇಲಿ. ಕಾಲು ನದಿ ಹರಿಯುವ ಕಡೆಗೆ, ಕಾಲ್ಬೆರಳು ನೀರಿನ ಮೇಲೆ ಕಾಣುವಂತೆ. ಕಲ್ಲು ಎದುರಾದರೆ ಪಾದದಿಂದ ತಳ್ಳಬಹುದು. ಎದ್ದು ನಿಲ್ಲಲು ಹೋಗಬೇಡಿ. ಸೊಂಟದ ಮಟ್ಟದ ನೀರಾದರೂ ಸರಿ, ಸೆಳವು ಇದ್ದರೆ ನಿಲ್ಲಬೇಡಿ. ಪಾದ ತಳದ ಎರಡು ಕಲ್ಲಿನ ನಡುವೆ ಸಿಕ್ಕಿಕೊಂಡರೆ ಹಿಂದಿನ ನೀರು ಬೆನ್ನಿಗೆ ಒತ್ತಿ ಮುಂದಕ್ಕೆ ಮುಳುಗಿಸುತ್ತದೆ. ಲೈಫ್ ಜಾಕೆಟ್ ಇದ್ದೂ ತಲೆ ಮೇಲೆ ಬರುವುದಿಲ್ಲ. ನದಿಯಲ್ಲಿ ಜೀವ ಹೋಗುವ ದಾರಿಗಳಲ್ಲಿ ಇದೊಂದು. ದಡದಿಂದ ಹಗ್ಗದ ಚೀಲ ಎಸೆದರೆ ಚೀಲ ಹಿಡಿಯಬೇಡಿ, ಹಗ್ಗ ಹಿಡಿಯಿರಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ.

ಬಂಡೆಗಳ ನಡುವೆ

ಕಂಪನಿಯ ಅಂಗಳದಿಂದ ಬಸ್ಸಿನಲ್ಲಿ ಪಾರ್ಕ್‌ಡೇಲ್‌ಗೆ ಒಯ್ಯುತ್ತಾರೆ. ಬಟ್ಟೆ ಬದಲಿಸಿ, ಪಾಠ ಕೇಳಿ, ಬಸ್ಸು ಹತ್ತಿ, ವಾಪಸು ಬರುವುದೆಲ್ಲ ಸೇರಿ ನಾಲ್ಕು ಗಂಟೆ. ನೀರಿನ ಮೇಲೆ ಎರಡರಿಂದ ಎರಡೂವರೆ.

ಮೊದಲ ಒಂದೆರಡು ಕಿಲೋಮೀಟರ್ ಸಪಾಟು. ಗೈಡ್ ಇಲ್ಲಿ ನಿಮ್ಮನ್ನು ಪರೀಕ್ಷಿಸುತ್ತಾನೆ. ನಮ್ಮ ಗೈಡ್ ಹುಡುಗಿಯೊಬ್ಬಳು, ಇಪ್ಪತ್ತೈದರ ಆಸುಪಾಸು, ಆರನೇ ಸೀಸನ್. ನಾವು ಹುಟ್ಟು ಹಾಕಿದ್ದನ್ನು ನೋಡಿ ಏನೂ ಹೇಳದೆ ನನ್ನನ್ನು ಮುಂದಿನ ಸಾಲಿನಿಂದ ನಡುವಿಗೆ ಎಬ್ಬಿಸಿ ಕೂರಿಸಿದಳು. ಮುಂದಿನ ಇಬ್ಬರ ತಾಳಕ್ಕೆ ಹಿಂದಿನವರು ಹಾಕಬೇಕು. ನನಗೆ ತಾಳವಿಲ್ಲವೆಂದು ಆಕೆಗೆ ಎರಡೇ ನಿಮಿಷಕ್ಕೆ ಗೊತ್ತಾಗಿತ್ತು.

ಆಮೇಲೆ ಗೋಡೆಗಳು ಹತ್ತಿರ ಬರುತ್ತವೆ. ಸದ್ದು ಮೊದಲು ಬರುತ್ತದೆ, ನೋಟ ಆಮೇಲೆ. ಸನ್‌ಶೈನ್ ಫಾಲ್ಸ್ ಹೆಸರಿಗೆ ಎಳೆಬಿಸಿಲು, ಇಡೀ ಓಟದಲ್ಲಿ ಗೈಡ್‌ಗಳು ಮಾತು ನಿಲ್ಲಿಸಿ ನೀರು ನೋಡುವ ಜಾಗ ಅದು. ಬಂಡೆಗಳ ನಡುವೆ ದೋಣಿ ಮೂಗು ಕೆಳಗೆ ಮಾಡಿ ಇಳಿಯಿತು. ಒಂದು ಕ್ಷಣ ನನ್ನ ಹುಟ್ಟು ಗಾಳಿಯಲ್ಲಿ ಬೀಸಿತು, ನೀರೇ ಸಿಗಲಿಲ್ಲ. ಸ್ಲೆಜ್‌ಹ್ಯಾಮರ್ ಎಂದರೆ ದೊಡ್ಡ ಸುತ್ತಿಗೆ. ವಾಲ್‌ಸ್ಲ್ಯಾಮರ್ ನೀರು ಗೋಡೆಗೆ ಬಡಿದು ತಿರುಗುವ ಜಾಗ. ಬೋಟ್ ಈಟರ್‌ನಲ್ಲಿ ಬಂಡೆಯನ್ನು ಹತ್ತಿ ಇಳಿದ ನೀರು ತನ್ನ ಮೇಲೇ ಮಗುಚಿಕೊಂಡು ನಿಂತಲ್ಲೇ ಹೊರಳುತ್ತಿರುತ್ತದೆ. ನಿಧಾನ ಬಂದ ದೋಣಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. "ಫಾರ್ವರ್ಡ್" ಎಂದು ಅಲ್ಲಿ ಗಂಟಲು ಹರಿಯುವಂತೆ ಕೂಗುವುದು ಅದಕ್ಕೇ.

ನಾನು ಬಿದ್ದದ್ದು ಇವು ಯಾವುದರಲ್ಲೂ ಅಲ್ಲ. ದೊಡ್ಡವು ಮುಗಿದು ಮಡು ಬಂತು, ಎಲ್ಲರೂ ಹುಟ್ಟು ಎತ್ತಿ ಒಂದಕ್ಕೊಂದು ತಾಗಿಸಿ ಕೂಗಿದರು. ಅಂಚಿನ ಕೆಳಗೆ ಸಿಕ್ಕಿಸಿದ್ದ ಪಾದವನ್ನು ನಾನು ತೆಗೆದೆ, ಜೋಮು ಹಿಡಿದಿತ್ತು. ಹೆಸರೂ ಇಲ್ಲದ ಒಂದು ಪುಟ್ಟ ಅಲೆ ಬಂತು. ಮುಂದಿನ ಕ್ಷಣ ಕಣ್ಣ ಮುಂದೆ ಬರೀ ಹಸಿರು. ಪಾಠವೆಲ್ಲ ಮರೆತು ಕಾಲು ಊರಲು ನೋಡಿದೆ. "ಅತ್ತೆ, ಕಾಲು ಮೇಲೆ!" ಎಂದು ಹುಡುಗ ಕನ್ನಡದಲ್ಲಿ ಕಿರುಚಿದ್ದು ಇಂಗ್ಲಿಷಿನ ಎಲ್ಲ ಕೂಗಿಗಿಂತ ಬೇಗ ತಲುಪಿತು. ಎಂಟು ಹತ್ತು ಸೆಕೆಂಡು ಇರಬಹುದು. ಗೈಡ್ ನನ್ನ ಜಾಕೆಟ್ಟಿನ ಭುಜದ ಪಟ್ಟಿಗಳನ್ನು ಹಿಡಿದು ಒಮ್ಮೆ ಕೆಳಕ್ಕೆ ಅದುಮಿ, ಜಾಕೆಟ್ ಪುಟಿದ ರಭಸಕ್ಕೇ ಮೇಲೆಳೆದು ತನ್ನ ಮೇಲೆ ಕೆಡವಿಕೊಂಡಳು. ಮೀನು ಎಳೆದುಕೊಂಡ ಹಾಗೆ. ನಿಮ್ಮವರನ್ನು ನೀವು ಎಳೆಯಬೇಕಾಗಿ ಬಂದರೂ ಹಾಗೇ ಎಳೆಯಿರಿ. ಕೈ ಹಿಡಿದು ಎಳೆದರೆ ಭುಜ ಹೋಗುತ್ತದೆ.

ಈ ಕಮರಿಗೆ ದೋಣಿಯವರು ಹೆದರಿದ್ದ ಕಾಲವೂ ಇತ್ತು. 1949ರಲ್ಲಿ ಸಲೈಡಾದಿಂದ ಕ್ಯಾನ್ಯನ್ ಸಿಟಿವರೆಗೆ ದೋಣಿ ಪಂದ್ಯ ಇಟ್ಟಾಗ ಹೊರಟವರಲ್ಲಿ ಕೊನೆ ಮುಟ್ಟಿದ್ದು ಇಬ್ಬರು ಸ್ವಿಸ್ ಸ್ಪರ್ಧಿಗಳು ಮಾತ್ರ. ಆಮೇಲೆ ಪಂದ್ಯದ ದಾರಿಯನ್ನು ಮೊಟಕು ಮಾಡಿ ರಾಯಲ್ ಗಾರ್ಜನ್ನು ಕೈಬಿಟ್ಟರು.

ಅಮ್ಮನ ರೈಲು

ಅಮೆರಿಕದಲ್ಲಿ ರಾಫ್ಟಿಂಗಿಗೆ ಬೇಕಾದಷ್ಟು ನದಿಗಳಿವೆ. ಹಿರಿಯರಿರುವ ಕನ್ನಡದ ಮನೆಗೆ ನಾನು ರಾಯಲ್ ಗಾರ್ಜನ್ನೇ ಹೇಳುವುದಕ್ಕೆ ಕಾರಣ ರೈಲು. ಕಮರಿಯ ತಳದಲ್ಲಿ, ನೀರಿನ ಅಂಚಿಗೇ ಹಳಿ ಇದೆ. ಲೆಡ್‌ವಿಲ್‌ನ ಬೆಳ್ಳಿ ಗಣಿಗೆ ದಾರಿ ಹಿಡಿಯಲು 1870ರ ದಶಕದ ಕೊನೆಗೆ ಎರಡು ರೈಲು ಕಂಪನಿಗಳು ಈ ಸೀಳಿಗಾಗಿ ಹೊಡೆದಾಡಿದವು. ಬಂದೂಕಿನ ಆಳುಗಳನ್ನು ಇಟ್ಟುಕೊಂಡೇ. ಒಂದು ಕಡೆ ಹಳಿಗೆ ಜಾಗವೇ ಇಲ್ಲದಷ್ಟು ಇಕ್ಕಟ್ಟು. ಅಲ್ಲಿ 1879ರಲ್ಲಿ ಎರಡೂ ಗೋಡೆಗೆ ತೊಲೆಗಳನ್ನು ಆನಿಸಿ, ಅದರಿಂದ ಹಳಿಯನ್ನು ನದಿಯ ಮೇಲೆ ತೂಗುಬಿಟ್ಟರು. ಅದು ಈಗಲೂ ಇದೆ, ರೈಲು ಈಗಲೂ ಅದರ ಮೇಲೆ ಹೋಗುತ್ತದೆ. 1967ರಲ್ಲಿ ನಿಂತಿದ್ದ ಪ್ರಯಾಣಿಕರ ರೈಲು 1999ರಲ್ಲಿ ಪ್ರವಾಸಿ ರೈಲಾಗಿ ಮತ್ತೆ ಹೊರಟಿತು. ಕ್ಯಾನ್ಯನ್ ಸಿಟಿಯಿಂದ ಪಾರ್ಕ್‌ಡೇಲ್‌ವರೆಗೆ ಹೋಗಿ ವಾಪಸು, ಸುಮಾರು ಎರಡು ಗಂಟೆ, ಛಾವಣಿಯಿಲ್ಲದ ಬೋಗಿಯೂ ಇದೆ.

ರೈಲಿನ ಹೊತ್ತನ್ನೂ ರಾಫ್ಟಿಂಗಿನ ಹೊತ್ತನ್ನೂ ಒಟ್ಟಿಗೆ ನೋಡಿ ಬುಕ್ ಮಾಡಿ. ಮಂಡಿನೋವಿನವರು, ಪುಟ್ಟ ಮಕ್ಕಳು, ಅವರನ್ನು ನೋಡಿಕೊಳ್ಳುವ ಒಬ್ಬರು ರೈಲಿಗೆ; ಉಳಿದವರು ನೀರಿಗೆ. ತಮ್ಮನ ಹೆಂಡತಿ ಅಮ್ಮನ ಜೊತೆ ರೈಲು ಹತ್ತಿದಳು. ತೂಗುಹಳಿಯ ಹತ್ತಿರ ಕಿತ್ತಳೆ ಬಣ್ಣದ ಬೋಗಿಗಳು ನಮ್ಮ ಪಕ್ಕಕ್ಕೇ ಬಂದಾಗ ರೈಲಿನವರೆಲ್ಲ ಕೈ ಬೀಸಿದರು. ಎಲ್ಲರ ನಡುವೆ ಒಂದು ಸೀರೆಯ ಸೆರಗು. ನಾವು ಬೀಸಲು ಹೋದರೆ ಗೈಡ್ ಹುಡುಗಿ ಗದರಿದಳು: ಹಿಡಿಯ ಮೇಲಿನ ಕೈ ಬಿಡಬೇಡಿ.

ಸಂಜೆ ಅಮ್ಮ ಕೇಳಿದ್ದು ಒಂದೇ. "ನಿನ್ನ ಅಪ್ಪ ಇದ್ದಿದ್ದರೆ ಕೇಳುತ್ತಿದ್ದರು, ಎಷ್ಟು ಬಿಟ್ಟಿದ್ದರಂತೆ ಇವತ್ತು?" ಏಳುನೂರು ಅಂದೆ. "ಅಷ್ಟೇನಾ!" ಎಂದಳು. ನಾನು ಬಿದ್ದ ವಿಷಯ ಆಕೆಗೆ ಹೇಳಿರಲಿಲ್ಲ. ಕಾರಿನ ಡಿಕ್ಕಿಯಲ್ಲಿ ಒದ್ದೆ ಷೂ ನಾರುತ್ತಿತ್ತು. ಊರಿಗೆ ವಾಪಸಾಗುವ ವಿಮಾನವನ್ನು ಮರುದಿನಕ್ಕೇ ಇಟ್ಟುಕೊಳ್ಳಬೇಡಿ. ಷೂ ಒಣಗಲು ಎರಡು ದಿನ ಬೇಕು.